ಜೌಗಿನ ಹೆಣ, ಹುಣಸೆಮರದ ಮೋಹಿನಿ

(ಮೈಸೂರಿನಲ್ಲಿ ಚಿತ್ರಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕಡಿಮೆ ದುಡ್ಡಿನ ಭಯಾನಕ ಚಿತ್ರಗಳ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಿರಿ. ಇಂಥ ಚಿತ್ರಗಳನ್ನು ನೋಡಿದವರು ಬಹಳ ಮಂದಿ, ನೋಡಿದ್ದೇನೆಂದು ಒಪ್ಪಿಕೊಳ್ಳುವವರು ಕಡಿಮೆ. ಆದ್ದರಿಂದ ಮೊದಲು ದೂರದ ಊರಿನ ಚಿತ್ರವೊಂದನ್ನು ಹೇಳಿ ಆಮೇಲೆ ನಮ್ಮೂರಿಗೆ ಬರುತ್ತೇನೆ.

2009ರಲ್ಲಿ ಐರ್ಲೆಂಡಿನಲ್ಲಿ ‘ಲೆಜೆಂಡ್ ಆಫ್ ದಿ ಬಾಗ್’ ಎಂಬ ಚಿತ್ರ ಬಂತು. ನಿರ್ದೇಶಕ ಬ್ರೆಂಡನ್ ಫೋಲಿ. ಫುಟ್‌ಬಾಲ್ ಆಡುತ್ತಿದ್ದ ವಿನ್ನಿ ಜೋನ್ಸ್ ಅದರ ಮುಖ್ಯ ನಟರಲ್ಲೊಬ್ಬ. ಎರಡು ಸಾವಿರ ವರ್ಷ ಜೌಗು ನೆಲದಲ್ಲಿ ಹೂತಿದ್ದ ಹೆಣವೊಂದು ಎದ್ದು ಬಂದು ಈಗಿನವರನ್ನು ಕೊಲ್ಲುವುದು ಕಥೆ. ದೊಡ್ಡ ಚಿತ್ರವೇನಲ್ಲ. ಕತ್ತಲೆ, ಕೆಸರು, ಒಂದು ಒಂಟಿಮನೆ, ನಾಲ್ಕಾರು ಜನ. ಇಷ್ಟರಲ್ಲೇ ಕೆಲಸ ಮುಗಿಸಿದ್ದಾರೆ. ಆದರೆ ಅದರ ಕಥೆ ನನ್ನನ್ನು ಒಂದು ಪ್ರಶ್ನೆಗೆ ಹಚ್ಚಿತು. ಇಷ್ಟೇ ದುಡ್ಡಿನಲ್ಲಿ, ಇದಕ್ಕಿಂತಲೂ ಕಡಿಮೆಯಲ್ಲಿ, ನಮ್ಮ ಮೈಸೂರಿನವರು ದೆವ್ವದ, ಮಾಯಾವಿಯರ ಚಿತ್ರಗಳನ್ನು ಮಾಡಿದರು. ಅವುಗಳಲ್ಲಿ ಕೊಳೆಯದ ಹೆಣವೊಂದು ಮಣ್ಣು ಕೊಡವಿಕೊಂಡು ಏಳುವ ದೃಶ್ಯ ಏಕೆ ಬರಲಿಲ್ಲ? ನಮ್ಮ ದೆವ್ವಕ್ಕೆ ಬಿಳಿ ಸೀರೆ ಉಂಟು, ಬಿಚ್ಚಿದ ಕೂದಲು ಉಂಟು, ಹಿಂದುಮುಂದಾದ ಪಾದ ಉಂಟು. ಹೆಣ ಮಾತ್ರ ಇಲ್ಲ.

ಇದಕ್ಕೆ ಉತ್ತರ ಅರ್ಧ ಮಣ್ಣಿನಲ್ಲಿದೆ, ಅರ್ಧ ಮನಸ್ಸಿನಲ್ಲಿದೆ. ಮಣ್ಣಿನಿಂದಲೇ ಆರಂಭಿಸೋಣ.

ಡೆನ್ಮಾರ್ಕಿನಲ್ಲಿ 1950ರ ಮೇ ತಿಂಗಳಲ್ಲಿ, ಸಿಲ್ಕೆಬೋರ್ ಪಟ್ಟಣದ ಹತ್ತಿರ ಜೌಗಿನಲ್ಲಿ ಉರುವಲಿಗೆ ಮಣ್ಣು ಕಡಿಯುತ್ತಿದ್ದವರಿಗೆ ಒಂದು ಮುಖ ಕಾಣಿಸಿತು. ಉರುವಲಿಗೆ ಮಣ್ಣು ಎಂದರೆ ನಮಗೆ ವಿಚಿತ್ರ. ಆ ಶೀತ ದೇಶಗಳಲ್ಲಿ ಪಾಚಿ ಸತ್ತು, ಪೂರ್ತಿ ಕೊಳೆಯದೆ, ಪದರ ಪದರವಾಗಿ ಕೂಡಿ ಪೀಟ್ ಎಂಬ ಕಪ್ಪು ಮಣ್ಣಾಗುತ್ತದೆ. ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿದರೆ ಬೆರಣಿಯಂತೆ ಉರಿಯುತ್ತದೆ. ಕಂಡ ಮುಖ ಎಷ್ಟು ಹಸನಾಗಿತ್ತೆಂದರೆ, ಇತ್ತೀಚಿನ ಕೊಲೆಯೆಂದು ತಿಳಿದು ಪೊಲೀಸರಿಗೆ ಹೇಳಿ ಕಳಿಸಿದರು. ಗಲ್ಲದ ಮೇಲೆ ಕುರುಚಲು ಗಡ್ಡ, ತಲೆಗೆ ಚರ್ಮದ ಟೋಪಿ, ಮುಚ್ಚಿದ ಕಣ್ಣು, ನಿದ್ರೆ ಹತ್ತಿದವನ ಶಾಂತಿ. ಕುತ್ತಿಗೆಯಲ್ಲಿ ಮಾತ್ರ ಹೆಣೆದ ಚರ್ಮದ ಉರುಳು. ಪಿ.ವಿ. ಗ್ಲೋಬ್ ಎಂಬ ಪುರಾತತ್ವಜ್ಞ ಬಂದು ನೋಡಿ, ಇದು ಪೊಲೀಸರ ಕೆಲಸವಲ್ಲ, ನಮ್ಮ ಕೆಲಸ ಎಂದ. ಆ ಮನುಷ್ಯ ಸತ್ತು ಸುಮಾರು 2400 ವರ್ಷವಾಗಿತ್ತು. ಅವನ ಹೊಟ್ಟೆಯಲ್ಲಿ ಕೊನೆಯ ಊಟ ಹಾಗೇ ಇತ್ತು: ಬಾರ್ಲಿ, ಅಗಸೆ, ಕಾಡುಬೀಜಗಳ ಗಂಜಿ. 2021ರಲ್ಲಿ ಮತ್ತೆ ಪರೀಕ್ಷಿಸಿದವರು ಮೀನೂ ಇತ್ತೆಂದರು. ಅವನನ್ನೀಗ ತೋಲುಂಡ್ ಮನುಷ್ಯ ಎಂದು ಕರೆಯುತ್ತಾರೆ.

ಅವನು ಕೊಳೆಯದೆ ಉಳಿದದ್ದಕ್ಕೆ ಮಂತ್ರವೂ ಇಲ್ಲ, ಶಾಪವೂ ಇಲ್ಲ. ಆ ನೀರು ತಣ್ಣಗೆ, ಹುಳಿ, ಗಾಳಿಯಾಡದ್ದು. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬದುಕು ಕಷ್ಟ. ಸ್ಫ್ಯಾಗ್ನಂ ಎಂಬ ಪಾಚಿ ಬಿಡುವ ರಸಗಳು ತೊಗಲನ್ನು ಹದಮಾಡುತ್ತವೆ. ತಂಗಡಿ ತೊಗಟೆ ಹಾಕಿ ನಮ್ಮ ಚರ್ಮಕಾರರು ಮಾಡುತ್ತಿದ್ದ ಕೆಲಸವೇ, ತುಸು ಬೇರೆ ಬಗೆಯಲ್ಲಿ. ಅದೇ ಹುಳಿ ಮೂಳೆಯ ಸುಣ್ಣವನ್ನು ಕರಗಿಸುತ್ತದೆ. ಹಾಗಾಗಿ ಕೆಲವು ಹೆಣಗಳಲ್ಲಿ ಚರ್ಮ, ಕೂದಲು, ಉಗುರು ಉಳಿದು ಮೂಳೆಯೇ ಮೆತ್ತಗಾಗಿಹೋಗಿರುತ್ತದೆ. ನಮ್ಮ ಸ್ಮಶಾನದ ಲೆಕ್ಕ ತಿರುಗುಮುರುಗಾದ ಹಾಗೆ.

ಇನ್ನೊಂದು ಪ್ರಸಂಗ ಹೇಳಲೇಬೇಕು, ಯಾವ ಚಿತ್ರಕಥೆಗೂ ಅದು ಕಡಿಮೆಯಿಲ್ಲ. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಲಿಂಡೋ ಎಂಬ ಜೌಗಿನಲ್ಲಿ 1983ರಲ್ಲಿ ಒಂದು ತಲೆ ಸಿಕ್ಕಿತು. ಹೆಂಗಸಿನದು. ಹತ್ತಿರದಲ್ಲೇ ವಾಸವಾಗಿದ್ದವನೊಬ್ಬನ ಹೆಂಡತಿ ಸುಮಾರು ಎರಡು ದಶಕದ ಹಿಂದೆ ಕಾಣೆಯಾಗಿದ್ದಳು. ಅವನ ಮೇಲೆ ಪೊಲೀಸರಿಗೆ ಮೊದಲೇ ಅನುಮಾನ. ತಲೆ ಸಿಕ್ಕಿತೆಂದು ಹೇಳಿದ ಕೂಡಲೇ ಆತ, ನಾನೇ ಕೊಂದೆ ಎಂದು ಒಪ್ಪಿಕೊಂಡ. ಆಮೇಲೆ ಪ್ರಯೋಗಾಲಯದ ವರದಿ ಬಂತು: ಆ ತಲೆ ಸುಮಾರು 1700 ವರ್ಷ ಹಳೆಯದು! ಆತ ತಪ್ಪೊಪ್ಪಿಗೆಯನ್ನು ಹಿಂದಕ್ಕೆ ಪಡೆಯಲು ನೋಡಿದ, ಸಾಗಲಿಲ್ಲ. ಅದೇ ಮಾತಿನ ಮೇಲೆ ಶಿಕ್ಷೆಯಾಯಿತು. ಹೆಂಡತಿಯ ದೇಹ ಸಿಗಲೇ ಇಲ್ಲ. ಯಾರದೋ ಕಾಲದ ಯಾವಳೋ ಹೆಂಗಸು ಎದ್ದು ಬಂದು ಈ ಕಾಲದ ಹೆಂಗಸಿಗೆ ಸಾಕ್ಷಿ ಹೇಳಿದಳು ಎನ್ನಬೇಕು. ಮರುವರ್ಷ ಅದೇ ಜೌಗಿನಲ್ಲಿ ಸಿಕ್ಕಿದ ಗಂಡಸಿನ ದೇಹ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಜೌಗಿನಲ್ಲಿ ಸಿಕ್ಕಿದವರಲ್ಲಿ ಅನೇಕರು ಕೊಲೆಯಾದವರು. ಬಲಿ ಕೊಟ್ಟರೋ ಶಿಕ್ಷೆ ಕೊಟ್ಟರೋ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಭಯಾನಕ ಚಿತ್ರ ಮಾಡುವುದೇನು? ಕೊಲೆಯಾದವನನ್ನೇ ಕೊಲೆಗಾರನನ್ನಾಗಿ ಮಾಡುತ್ತದೆ. ಈಜಿಪ್ಟಿನ ಮಮ್ಮಿಗಳಿಗೂ ಇದೇ ಗತಿ. 1932ರ ‘ದಿ ಮಮ್ಮಿ’ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಮಾಡಿದ ಪಾತ್ರ, ಪ್ರೀತಿಯ ತಪ್ಪಿಗೆ ಜೀವಂತ ಹೂಳಿಸಿಕೊಂಡ ಪೂಜಾರಿಯದು. ಪಾಪ, ಎದ್ದದ್ದೇ ತಡ ಖಳನಾಯಕನಾದ. ಸತ್ತವರಿಗೆ ದೇಹ ಉಳಿದರೆ ಅವರ ಮೇಲೆ ಎಷ್ಟು ಬೇಕಾದರೂ ಅಪವಾದ ಹೊರಿಸಬಹುದು. ಅವರೇನೂ ವಕೀಲರನ್ನು ಇಡಲಾರರು.

ನಮ್ಮಲ್ಲಿ ಇಂಥ ಜೌಗು ಇಲ್ಲವೇ? ಇದೆ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿದರೆ ಊಟಿಯ ಸುತ್ತಿನ ಎತ್ತರದ ಕಣಿವೆಗಳಲ್ಲಿ ಪೀಟ್ ಮಣ್ಣಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಸುಮಾರು 20,000 ವರ್ಷಗಳಲ್ಲಿ ಮಳೆ ಯಾವಾಗ ಹೆಚ್ಚಿತು, ಯಾವಾಗ ಇಳಿಯಿತು, ಹುಲ್ಲು ಯಾವಾಗ ಹಬ್ಬಿತು ಎಂಬುದನ್ನು ಆ ಕಪ್ಪು ಮಣ್ಣು ಹೇಳಿತು. ಡೆನ್ಮಾರ್ಕಿನ ಜೌಗು ಮನುಷ್ಯನನ್ನು ಕಾಪಾಡಿ ಕೊಟ್ಟಿತು, ನೀಲಗಿರಿಯ ಜೌಗು ಹುಲ್ಲಿನ ಚರಿತ್ರೆಯನ್ನು ಕಾಪಾಡಿ ಕೊಟ್ಟಿತು. ಘಟ್ಟದಿಂದ ಕೆಳಗಿಳಿದರೆ ನಮ್ಮದು ಬಿಸಿಲಿನ, ಗೆದ್ದಲಿನ ನೆಲ. ಇಲ್ಲಿ ಮೂಳೆ ಉಳಿದರೆ ಪುಣ್ಯ. 1960ರ ಆಸುಪಾಸಿನಲ್ಲಿ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ತಿರುಮಕೂಡಲು ನರಸೀಪುರದ ಸಂಗಮದ ದಂಡೆಯನ್ನು ಅಗೆದಾಗ ಹೊಸ ಶಿಲಾಯುಗದವರ ನೆಲೆ ಸಿಕ್ಕಿತು. ಸುಟ್ಟ ಮಣ್ಣಿನ ತಲೆದಿಂಬುಗಳು ಸಿಕ್ಕವು. ತಲೆದಿಂಬು ಉಳಿಯಿತು, ಮಲಗಿದವರ ಮುಖ ಉಳಿಯಲಿಲ್ಲ.

ಮುಖ ಉಳಿಯದಿದ್ದರೆ ಜನ ಕಥೆಯನ್ನಾದರೂ ಕಟ್ಟುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿಕಲ್ಲುಗಳನ್ನು ನಿಲ್ಲಿಸಿ ಮಾಡಿದ ನೂರಾರು ಪುಟ್ಟ ಪುಟ್ಟ ಮನೆಗಳಿವೆ. ಅವು ಬೃಹತ್ ಶಿಲಾಯುಗದ ಸ್ಮಾರಕಗಳು, ಸತ್ತವರಿಗಾಗಿ ಕಟ್ಟಿದವು. ಸುತ್ತಲಿನ ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರೆಂದರೆ ಬಹಳ ಹಿಂದೆ ಇದ್ದ ಗಿಡ್ಡ ಜನ. ಸತ್ತವರ ಗೂಡನ್ನು ಬದುಕಿದ್ದವರ ಮನೆಯಾಗಿ ಕಂಡ ಜನ ನಮ್ಮವರು. ಅಲ್ಲಿ ಯಾರೂ ಎದ್ದು ಬರುವುದಿಲ್ಲ. ಇದ್ದರು, ಹೋದರು, ಅಷ್ಟೆ.

ಇನ್ನು ಮನಸ್ಸಿನ ಮಾತು. ಹೆಣವನ್ನು ಸುಡುವ ಮನೆಗಳಲ್ಲಿ ಮೂರನೆಯ ದಿನಕ್ಕೆ ಕೈಗೆ ಸಿಗುವುದು ಒಂದು ಕುಡಿಕೆಯಷ್ಟು ಅಸ್ಥಿ. ಅದೂ ಶ್ರೀರಂಗಪಟ್ಟಣದ ಹೊಳೆಗೆ ಹೋಗುತ್ತದೆ. ಏಳಲು ದೇಹವೇ ಇಲ್ಲ. ಗರುಡಪುರಾಣದ ಲೆಕ್ಕ ಇನ್ನೂ ಕುತೂಹಲದ್ದು. ಸತ್ತ ಹತ್ತು ದಿನ ಇಡುವ ಒಂದೊಂದು ಪಿಂಡದಿಂದ ಪ್ರೇತಕ್ಕೆ ಒಂದೊಂದು ಅಂಗ ಮೂಡುತ್ತದೆ ಎನ್ನುತ್ತದೆ ಅದು. ಅಂದರೆ ಸತ್ತವನಿಗೆ ಹೊಸ ದೇಹ ಕಟ್ಟಿಕೊಡುವವರು ಮನೆಯವರೇ. ಆಮೇಲೆ ಸಪಿಂಡೀಕರಣ ಮಾಡಿ ಪಿತೃಗಳ ಸಾಲಿಗೆ ಸೇರಿಸಿದರೆ ಅವನ ಪ್ರಯಾಣ ಸುಗಮ. ಯಾರಿಗೆ ಇದು ನಡೆಯಲಿಲ್ಲವೋ, ಯಾರು ಅಕಾಲದಲ್ಲಿ ಸತ್ತರೋ, ಯಾರಿಗೆ ಕೊಟ್ಟ ಮಾತು ತಪ್ಪಿತೋ, ಅವರು ಹುಣಸೆಮರ ಹತ್ತುತ್ತಾರೆ. ನಮ್ಮ ದೆವ್ವ ಎಂದರೆ ತೀರದ ಬಾಕಿ.

ನಮ್ಮಲ್ಲಿ ಎಲ್ಲರೂ ಸುಡುವವರಲ್ಲ ಎಂದು ನೀವು ತಕರಾರು ತೆಗೆಯಬಹುದು. ನಿಜ. ಲಿಂಗಾಯತರು ಕುಳ್ಳಿರಿಸಿ ಹೂಳುತ್ತಾರೆ. ಹೂಳುವ ಸಮುದಾಯಗಳು ಇನ್ನೂ ಎಷ್ಟೋ ಇವೆ. ಆದರೆ ಅಲ್ಲಿಯೂ ಸಮಾಧಿ ಹೆದರುವ ಜಾಗವಾಗಲಿಲ್ಲ. ಗದ್ದುಗೆಯಾಯಿತು, ದರ್ಗಾ ಆಯಿತು, ಜನ ಹರಕೆ ಹೊತ್ತು ಹೋಗುವ ಜಾಗವಾಯಿತು. ತುಳುನಾಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಅನ್ಯಾಯವಾಗಿ ಸತ್ತ ಕಲ್ಕುಡ ಕಲ್ಲುರ್ಟಿಯರು, ಹೋರಾಡಿ ಸತ್ತ ಕೋಟಿ ಚೆನ್ನಯರು ದೈವಗಳಾದರು. ಅವರನ್ನು ಓಡಿಸುವುದಿಲ್ಲ, ಕರೆದು ಕೂಡಿಸಿ ದೂರು ಕೇಳುತ್ತಾರೆ.

ಆ ತುಳುನಾಡಿನಿಂದಲೇ, ಉಡುಪಿಯ ಹತ್ತಿರದ ಉದ್ಯಾವರದಿಂದ ಹೊರಟ ಬಿ. ವಿಠಲಾಚಾರ್ಯ ಎಂಬ ತರುಣ ಅರಸೀಕೆರೆಗೆ ಬಂದು ಹೋಟೆಲು ನಡೆಸಿದರು. 1942ರ ಚಳವಳಿಯಲ್ಲಿ ಜೈಲು ಕಂಡರು. ಗೆಳೆಯ ಡಿ. ಶಂಕರ್‌ಸಿಂಗ್ ಜೊತೆ ಟೂರಿಂಗ್ ಟಾಕೀಸು ಕಟ್ಟಿದರು. ಆಮೇಲೆ ಇಬ್ಬರೂ ಮೈಸೂರಿಗೆ ಬಂದು ಮಹಾತ್ಮ ಪಿಕ್ಚರ್ಸ್ ಆರಂಭಿಸಿದರು. 1949ರಲ್ಲಿ ಬಂದ ‘ನಾಗಕನ್ನಿಕಾ’, 1951ರಲ್ಲಿ ಶಂಕರ್‌ಸಿಂಗ್ ನಿರ್ದೇಶಿಸಿದ ‘ಜಗನ್ಮೋಹಿನಿ’ ಈ ಸಂಸ್ಥೆಯವು. ‘ಜಗನ್ಮೋಹಿನಿ’ಯನ್ನು ಮತ್ತೆ ಮತ್ತೆ ನೋಡಲು ದಾವಣಗೆರೆ ಕಡೆಯ ಹಳ್ಳಿಗರು ದನಕರು ಮಾರಿದರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮಾತಿನಲ್ಲಿ ಎಷ್ಟು ನಿಜವೋ, ಚಿತ್ರ ಗೆದ್ದದ್ದಂತೂ ನಿಜ. ಅದರಲ್ಲಿ ನಟಿಸಿದ ಪ್ರತಿಮಾದೇವಿಯವರು ಶಂಕರ್‌ಸಿಂಗ್ ಅವರ ಪತ್ನಿ, ನಿರ್ದೇಶಕ ರಾಜೇಂದ್ರಸಿಂಗ್ ಬಾಬು ಅವರ ತಾಯಿ. ಅವರು ಮೈಸೂರಿನಲ್ಲೇ 2021ರಲ್ಲಿ ತೀರಿಕೊಂಡರು.

ಟೂರಿಂಗ್ ಟಾಕೀಸು ನಡೆಸಿದವರಿಗೆ ಒಂದು ಗುಟ್ಟು ಗೊತ್ತಿತ್ತು ಎಂದು ನನ್ನ ಊಹೆ. ಡೇರೆಯಲ್ಲಿ ಎರಡನೆಯ ಆಟ ಬಿಡುವುದು ಸರಿರಾತ್ರಿಗೆ. ಜನ ಗಾಡಿ ಕಟ್ಟಿಕೊಂಡೋ ಕಾಲುನಡಿಗೆಯಲ್ಲೋ ನಾಲ್ಕಾರು ಮೈಲಿ ಹೋಗಬೇಕು. ದಾರಿಯಲ್ಲಿ ಕೆರೆ ಏರಿ, ಏರಿಯ ಮೇಲೆ ಹುಣಸೆಮರ. ಪರದೆಯ ಮೇಲೆ ಮೋಹಿನಿಯ ನೆರಳು ತೋರಿಸಿ, ಗೆಜ್ಜೆಯ ಸದ್ದು ಕೇಳಿಸಿದರೆ ಸಾಕು. ಉಳಿದ ಚಿತ್ರವನ್ನು ದಾರಿ ತೋರಿಸುತ್ತದೆ, ಅದಕ್ಕೆ ನಿರ್ಮಾಪಕ ಕಾಸು ಕೊಡಬೇಕಾಗಿಲ್ಲ.

ಪರದೆಯ ಮೇಲಿನ ಚಮತ್ಕಾರಕ್ಕೂ ಹೆಚ್ಚು ಕಾಸು ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ಅಂದಿನ ಸ್ಟುಡಿಯೋಗಳಲ್ಲಿ ಮಾಯವಾಗುವುದೆಂದರೆ ಹೀಗೆ: ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ ದೃಶ್ಯ ತೆಗೆಯುವುದು, ಕೂಗಿದಾಗ ಎಲ್ಲರೂ ಇದ್ದಲ್ಲೇ ಬೊಂಬೆಗಳಂತೆ ನಿಲ್ಲುವುದು, ಮಾಯವಾಗಬೇಕಾದವಳು ಮಾತ್ರ ಎದ್ದು ಆಚೆ ಹೋಗುವುದು, ಮತ್ತೆ ಕ್ಯಾಮೆರಾ ಓಡಿಸುವುದು. ನಡುವೆ ಯಾರಾದರೂ ಸೀನಿದರೆ ಮೊದಲಿನಿಂದ. ಗೋಡೆಯ ಮೂಲಕ ತೂರಿಬರುವ ದೆವ್ವ ಬೇಕೆಂದರೆ ಖಾಲಿ ಕೋಣೆಯನ್ನು ಒಮ್ಮೆ ತೆಗೆದು, ಅದೇ ಫಿಲಂ ಅನ್ನು ಹಿಂದಕ್ಕೆ ಸುತ್ತಿ, ಕಪ್ಪು ಬಟ್ಟೆಯ ಮುಂದೆ ನಟಿಯನ್ನು ನಡೆಸಿ ಅದರ ಮೇಲೆಯೇ ಮತ್ತೊಮ್ಮೆ ತೆಗೆಯುವುದು. ಅವಳ ಮೈಯೊಳಗಿಂದ ಹಿಂದಿನ ಕಂಬ ಕಾಣುತ್ತದೆ. ದೇಹವಿಲ್ಲದ ದೆವ್ವಕ್ಕೆ ಇದಕ್ಕಿಂತ ಒಪ್ಪುವ ಉಪಾಯ ಉಂಟೆ? ಜೌಗಿನ ಹೆಣಕ್ಕೆ ರಬ್ಬರಿನ ಮುಖವಾಡ, ಮೆತ್ತಿದ ಬಣ್ಣ, ಗಂಟೆಗಟ್ಟಲೆ ಮೇಕಪ್ಪು ಬೇಕು. ನಮ್ಮ ಮೋಹಿನಿಗೆ ಒಂದು ಬಿಳಿ ಸೀರೆ. ನಮ್ಮ ನಂಬಿಕೆ ನಿರ್ಮಾಪಕರ ಜೇಬಿಗೆ ಅನುಕೂಲವಾಗಿಯೇ ಇತ್ತು.

ವಿಠಲಾಚಾರ್ಯರು ಆಮೇಲೆ ಮದರಾಸಿಗೆ ಹೋಗಿ ತೆಲುಗಿನಲ್ಲಿ ಜಾನಪದ ಬ್ರಹ್ಮ ಎಂದು ಹೆಸರಾದರು. ಯಾವನಾದರೂ ನಟ ಕಾಲ್‌ಷೀಟಿಗೆ ಸತಾಯಿಸಿದರೆ, ಮುನಿಯೊಬ್ಬನಿಂದ ಶಾಪ ಕೊಡಿಸಿ ಆ ಪಾತ್ರವನ್ನು ಗಿಳಿಯನ್ನೋ ಮೇಕೆಯನ್ನೋ ಮಾಡಿ ಚಿತ್ರ ಮುಂದುವರಿಸುತ್ತಿದ್ದರೆಂಬ ತಮಾಷೆ ಪ್ರಸಿದ್ಧ. ಮೈಸೂರಿನ ಆ ಹಳೆಯ ಹೆಸರನ್ನೇ ಎತ್ತಿಕೊಂಡು 1978ರಲ್ಲಿ ಅವರು ತೆಲುಗು ‘ಜಗನ್ಮೋಹಿನಿ’ ಮಾಡಿದರು. ಅದರಲ್ಲಿ ದೆವ್ವ ನಾಯಕನ ಮನೆಯನ್ನೇ ಸೇರಿಕೊಳ್ಳುತ್ತದೆ. ಅಡುಗೆಗೆ ಕೂತಾಗ ಸೌದೆಯ ಬದಲು ತನ್ನ ಕಾಲನ್ನೇ ಒಲೆಯೊಳಗೆ ಚಾಚುತ್ತದೆ! ಕಾಲು ಉರಿಯುತ್ತದೆ, ಅಡುಗೆ ಬೇಯುತ್ತದೆ. ಈ ದೃಶ್ಯಕ್ಕೆ ನಕ್ಕವರಿದ್ದಾರೆ, ನಾನೂ ನಕ್ಕಿದ್ದೇನೆ. ಆದರೆ ನೆನೆಸಿಕೊಳ್ಳಿ. ಹಸಿ ಸೌದೆಯನ್ನು ಊದುಗೊಳವೆಯಿಂದ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ಹೆಂಗಸರು ಡೇರೆಯ ಹೆಣ್ಣುಮಕ್ಕಳ ಕಡೆ ಕೂತು ಅದನ್ನು ನೋಡಿದರು. ತನ್ನ ಮೈಯನ್ನೇ ಸುಟ್ಟುಕೊಂಡು ಮನೆಯವರಿಗೆ ಬೇಯಿಸಿ ಹಾಕುವ ಹೆಂಗಸು ಅವರಿಗೆ ಹೊಸಬಳೇನಲ್ಲ. ಆ ದೆವ್ವವನ್ನು ಕಂಡು ಗಂಡಸರು ಹೆದರಿದ ಬಗೆ ಬೇರೆ, ಹೆಂಗಸರು ಹೆದರಿದ ಬಗೆ ಬೇರೆ ಇದ್ದಿರಬೇಕು. ದುಬಾರಿ ಚಿತ್ರಗಳಲ್ಲಿ ಇಂಥ ಒಂದು ದೃಶ್ಯ ಹುಡುಕಿದರೂ ಸಿಗುವುದು ಕಷ್ಟ.

ಇದೇ ವಿಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ಯಿಂದ 1950ರ ದಶಕದ ಆರಂಭದಲ್ಲಿ ಸಂಗೀತ ನಿರ್ದೇಶಕರಾದವರು ಮೈಸೂರು ಶಿವರಾಂಪೇಟೆಯ ಅಣ್ಣತಮ್ಮಂದಿರು, ರಾಜನ್ ನಾಗೇಂದ್ರ. 1979ರಲ್ಲಿ ಕನ್ನಡದ ಹೆಸರಾಂತ ದೆವ್ವದ ಚಿತ್ರ ‘ನಾ ನಿನ್ನ ಬಿಡಲಾರೆ’ ಬಂದಾಗ ಅದಕ್ಕೂ ಅವರದೇ ಸಂಗೀತ. ವಿಜಯ್ ನಿರ್ದೇಶನ, ಅನಂತನಾಗ್, ಲಕ್ಷ್ಮಿ ಅಭಿನಯ. ಇಲ್ಲಿ ದೆವ್ವಕ್ಕೆ ಬಿಳಿ ಸೀರೆಯ ಖರ್ಚನ್ನೂ ಉಳಿಸಿದರು ಎನ್ನಬಹುದು. ಕಾಮಿನಿ ಎಂಬ ಹೆಣ್ಣಿನ ಪ್ರೇತ ನಾಯಕನ ಮೈಮೇಲೆಯೇ ಬರುತ್ತದೆ. ಅನಂತನಾಗ್ ತಮ್ಮ ಕಣ್ಣು, ನಗು, ನಡಿಗೆಗಳಲ್ಲೇ ಅವಳನ್ನು ತೋರಿಸಬೇಕಾಯಿತು, ತೋರಿಸಿದರು. ಎದುರಿಗೆ ಮಂತ್ರಾಲಯದ ರಾಯರ ಮೇಲಿನ ಭಕ್ತಿ. ಹೆಸರನ್ನೇ ನೋಡಿ: ನಾ ನಿನ್ನ ಬಿಡಲಾರೆ. ಪ್ರೀತಿಸಿದವಳೂ ಆಡುವ ಮಾತು, ಸಾಲಗಾರನೂ ಆಡುವ ಮಾತು. ಹಿಂದಿಯಲ್ಲಿ ಇದು ‘ಮಂಗಳಸೂತ್ರ’ ಎಂದಾಯಿತು. ಆ ಹೆಸರಿನಲ್ಲಿ ಅರ್ಧ ಭಯ ಹೋಯಿತೆಂದು ನನ್ನ ಅಭಿಪ್ರಾಯ.

ಆ ಹೊತ್ತಿಗೆ ಮುಂಬಯಿಯಲ್ಲಿ ರಾಮ್ಸೆ ಸೋದರರು ಹೆಣವನ್ನೇ ಎಬ್ಬಿಸುತ್ತಿದ್ದರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯ ಹೆಸರಿನಲ್ಲೇ ಗೋರಿ ಇದೆ. 1984ರ ‘ಪುರಾನಾ ಮಂದಿರ್’ನಲ್ಲಿ ರಾಕ್ಷಸನ ತಲೆಯನ್ನೂ ಮುಂಡವನ್ನೂ ಬೇರೆ ಬೇರೆ ಕಡೆ ಇಡುತ್ತಾರೆ, ಅವು ಕೂಡದಂತೆ ಕಾಯುತ್ತಾರೆ. ಅಲ್ಲಿ ದೇಹ ಬಂತು, ಅದರ ಜೊತೆ ರಬ್ಬರಿನ ಮುಖವಾಡವೂ ಬಂತು. ಕನ್ನಡದವರು ಆ ದಾರಿ ಹೆಚ್ಚು ಹಿಡಿಯಲಿಲ್ಲ. ಉಪೇಂದ್ರರ ‘ಶ್!’ (1993) ಚಿತ್ರೀಕರಣದ ತಂಡವನ್ನೇ ಹೆದರಿಸಿತು. ‘ಆಪ್ತಮಿತ್ರ’ದ (2004) ನಾಗವಲ್ಲಿ ಮನೋವೈದ್ಯನ ಕೈಗೆ ಸಿಕ್ಕಳು. 2013ರಲ್ಲಿ ಬಂದ ‘6-5=2’, ಚಾರಣಕ್ಕೆ ಹೋದವರೇ ಹಿಡಿದ ಕ್ಯಾಮೆರಾದ ಚಿತ್ರವೆಂದು ನಂಬಿಸಿ, ದೆವ್ವವನ್ನು ಸರಿಯಾಗಿ ತೋರಿಸದೆಯೇ ಹಾಕಿದ ದುಡ್ಡು ತೆಗೆಯಿತು.

ಇವೆಲ್ಲಕ್ಕಿಂತ ಅಗ್ಗದ ದೆವ್ವ ಒಂದಿತ್ತು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕೂಗುವವಳು ಅದನ್ನು ಓದಿ ಹೋಗುತ್ತಾಳೆ, ಮಾರನೆಯ ದಿನ ಬಂದು ಮತ್ತೆ ಓದುತ್ತಾಳೆ. ಒಂದು ಸೀಮೆಸುಣ್ಣದ ತುಂಡಿನ ಖರ್ಚು. ಬಾಕಿ ವಸೂಲಿಗೆ ಬಂದವರಿಗೆ ನಾವು ಹೇಳುವ ಮಾತನ್ನೇ ದೆವ್ವಕ್ಕೂ ಹೇಳಿದೆವು! ಹಿಂದಿಯವರು 2018ರ ‘ಸ್ತ್ರೀ’ ಚಿತ್ರದಲ್ಲಿ ಇದನ್ನೇ ಬಳಸಿ ದೊಡ್ಡ ಗಳಿಕೆ ಮಾಡಿದರು.

ಅಗ್ಗವನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನು ಈ ಊರಿನಲ್ಲಿ ನಿಂತು ಹೇಳದೆ ಇರಲಾಗದು. ಎಂ.ಎನ್. ಬಸವರಾಜಯ್ಯನವರು ಕಟ್ಟಿದ ಪ್ರೀಮಿಯರ್ ಸ್ಟುಡಿಯೋ ಮೈಸೂರಿನ ಹೆಮ್ಮೆಯಾಗಿತ್ತು. 1989ರ ಫೆಬ್ರುವರಿ 8ರಂದು ಅಲ್ಲಿ ದೂರದರ್ಶನದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಗಾಗಿ ಮದುವೆಯ ಸಂಭ್ರಮದ ದೃಶ್ಯ ತೆಗೆಯುತ್ತಿದ್ದರು. ಬೆಂಕಿ ಹತ್ತಿತು. ಗೋಡೆಗೆ ಹೊದಿಸಿದ್ದ ಗೋಣಿತಾಟು, ಪಟಾಕಿ, ಕಾದ ದೀಪಗಳು, ಗಾಳಿಯಾಡದ ಒಳಾಂಗಣ, ಆಗ ಕೇಳಿಬಂದ ಕಾರಣಗಳು ಇವು. 62 ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನರ ಹೆಸರು ಪರದೆಯ ಮೇಲೆ ಬರುವಂಥದಲ್ಲ: ದೀಪ ಹಿಡಿಯುವವರು, ಸೆಟ್ಟು ಕಟ್ಟುವವರು, ಗುಂಪಿನಲ್ಲಿ ನಿಲ್ಲುವವರು. ಮಾಯಾಜಾಲ ತೋರಿಸಲು ಖರ್ಚು ಉಳಿಸುವುದು ಜಾಣತನ. ಬಾಗಿಲು, ಕಿಟಕಿ, ತಂತಿ, ಮರಳಿನ ಬಕೆಟ್ಟುಗಳಲ್ಲಿ ಖರ್ಚು ಉಳಿಸಿದರೆ ಅದಕ್ಕೆ ಬೇರೆ ಹೆಸರು. ಆ ಸ್ಟುಡಿಯೋ ಈಗ ಇಲ್ಲ.

ಉಳಿಯದೆ ಹೋದದ್ದು ಅದೊಂದೇ ಅಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ (1934) ಇಂದು ಯಾರಿಗೂ ನೋಡಲು ಸಿಗುವುದಿಲ್ಲ. ಅದರ ಪ್ರತಿಯೇ ಉಳಿದಿಲ್ಲ. 2400 ವರ್ಷದ ಹಿಂದೆ ಸತ್ತವನ ಗಡ್ಡದ ಕೂದಲು ಇದೆ. ನಮ್ಮ ಅಜ್ಜಂದಿರು ಸಾಲುಗಟ್ಟಿ ನೋಡಿದ ಚಿತ್ರ ಇಲ್ಲ. ಕಾರಣ ಇಲ್ಲಿಯೂ ರಸಾಯನವೇ. 1950ರ ದಶಕದ ಆರಂಭದವರೆಗೆ ಚಿತ್ರಗಳ ರೀಲು ನೈಟ್ರೇಟಿನದು. ಹಳಸಿದ ಹಾಗೆ ಜಿಗುಟಾಗಿ ಪುಡಿಯಾಗುತ್ತದೆ, ಬೆಂಕಿ ಹಿಡಿದರೆ ನೀರಿನೊಳಗೂ ಉರಿಯುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಗೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಬಹಳಷ್ಟು ನೈಟ್ರೇಟ್ ರೀಲುಗಳು ಹೋದವು. ಆಮೇಲೆ ಬಂದ ಅಸಿಟೇಟ್ ರೀಲು ಉರಿಯುವುದು ಕಡಿಮೆ. ಆದರೆ ನಮ್ಮ ಸೆಕೆಗೆ, ತೇವಕ್ಕೆ ಅದು ತನ್ನನ್ನು ತಾನೇ ತಿನ್ನತೊಡಗುತ್ತದೆ, ವಿನೆಗರಿನ ಹುಳಿವಾಸನೆ ಬಿಡುತ್ತದೆ. ಜೌಗಿನಲ್ಲಿ ದೇಹವನ್ನು ಕಾಯ್ದ ಹುಳಿ ಇಲ್ಲಿ ಭಕ್ಷಕ. ಇದು ಸಾಲದೆಂದು ಓಡಿ ಮುಗಿದ ಪ್ರತಿಗಳನ್ನು ಬೆಳ್ಳಿ ತೆಗೆಯಲು ಕರಗಿಸಿದರು, ಉಳಿದ ಸೆಲ್ಯುಲಾಯ್ಡನ್ನು ಬಳೆ ಮಾಡುವವರು ಕೊಂಡರು. ಎಷ್ಟು ಮೋಹಿನಿಯರು ಯಾರ ಯಾರ ಕೈಯಲ್ಲಿ ಬಳೆಯಾಗಿ ಸದ್ದು ಮಾಡಿದರೋ.

ದೊಡ್ಡ ದೊಡ್ಡ ಚಿತ್ರಗಳನ್ನು ಹೇಗೋ ಯಾರೋ ಕಾಪಾಡುತ್ತಾರೆ. ಪ್ರಶಸ್ತಿ ಬಂದವಕ್ಕೆ ಪೆಟ್ಟಿಗೆ ಸಿಗುತ್ತದೆ. ದೆವ್ವದ ಚಿತ್ರ, ನಾಗಿಣಿಯ ಚಿತ್ರ, ಮಾಂತ್ರಿಕನ ಚಿತ್ರಗಳನ್ನು ಕಾಪಾಡಬೇಕೆಂದು ಯಾರಿಗೂ ತೋಚುವುದಿಲ್ಲ. ನಮ್ಮ ಜನ ಯಾವುದಕ್ಕೆ ಹೆದರುತ್ತಿದ್ದರು, ಯಾವ ಬಾಕಿ ಅವರ ನಿದ್ದೆ ಕೆಡಿಸುತ್ತಿತ್ತು ಎಂಬುದು ತಿಳಿಯಬೇಕಾದರೆ ನೋಡಬೇಕಾದದ್ದು ಅವನ್ನೇ.

ಮೈಸೂರು, ಮಂಡ್ಯ, ಹಾಸನ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಪೈಕಿ ಯಾರ ಮನೆಯಲ್ಲಾದರೂ ಹಿಂದೆ ಟೂರಿಂಗ್ ಟಾಕೀಸು ನಡೆಸಿದವರಿದ್ದರೆ, ಅಟ್ಟದ ಮೇಲೆ ತಗಡಿನ ಡಬ್ಬಿಗಳಿವೆಯೇ ನೋಡಿ. ದೀಪ, ಬೀಡಿ, ಒಲೆಗಳ ಹತ್ತಿರ ಮುಚ್ಚಳ ತೆಗೆಯಬೇಡಿ. ಹುಳಿವಾಸನೆ ಬಂದರೆ ಮಕ್ಕಳನ್ನು ದೂರವಿಟ್ಟು, ಗಾಳಿಯಾಡುವ ಕಡೆ ತಂಪಿನಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಡಬ್ಬಿಯ ಮೇಲಿನ ಚೀಟಿ ಹರಿದಿದ್ದರೂ ಕಿತ್ತು ಎಸೆಯಬೇಡಿ, ಎಷ್ಟೋ ಸಲ ಚಿತ್ರದ ಗುರುತು ಹತ್ತುವುದು ಅದರಿಂದಲೇ. ಆಮೇಲೆ ಪುಣೆಯ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರಿ.